ಹಾಲವ್ವ ಕೊಡದ ತೀರ್ಥ

ವರದಾ ಹೊಳೆಯ ದಂಡೆಯಲ್ಲಿ ನಿಂತು ಯಾರಾದರೂ "ನೀರು ಎಷ್ಟ ತಿಳಿ ಐತಿ ನೋಡ್ರಿ" ಎಂದರೆ ಹಾಲವ್ವನಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತದೆ. ತಿಳಿಯಾಗಿದ್ದರೆ ಏನಾಯಿತು? ಹೊಲದ ಹುಳಕ್ಕೆ ಹೊಡೆಯುವ ಎಣ್ಣೆ ಬೆರೆಸಿದ ನೀರೂ ತಿಳಿಯಾಗಿಯೇ ಕಾಣುತ್ತದೆ. "ಕಣ್ಣಿಗೆ ಕಾಣೋದು ನೀರಲ್ಲರಿ, ನೀರು ಉಟ್ಟ ಸೀರಿ. ಒಳಗ ಮೈಗೆ ಏನಾಗೇತಿ ಅಂತ ಸೀರಿ ನೋಡಿ ಹೇಳಾಕ ಬರ್ತೈತೇನು?" ಎಂದು ಗದರಿಬಿಡುತ್ತಾಳೆ. ಗದರಿಸಿಕೊಂಡವರು ಪೇಟೆಯಿಂದ ಬಂದ ಸಾಹೇಬರೇ ಆಗಿರಲಿ, ಸ್ವಂತ ಗಂಡನೇ ಆಗಿರಲಿ, ಆಕೆಗೆ ಭೇದವಿಲ್ಲ.

ಹಾಲವ್ವ ಅಂಬಿಗರ ಮನೆಯ ಹೆಣ್ಣುಮಗಳು. ಐವತ್ತು ದಾಟಿದೆ, ಹರಿಗೋಲಿಗೆ ಹುಟ್ಟು ಹಾಕಿದ ತೋಳು ಇನ್ನೂ ಗಟ್ಟಿಯಿದೆ. ಊರು ಹಾನಗಲ್ ತಾಲ್ಲೂಕಿನದು, ಹೊಳೆಯ ದಂಡೆಯದು. ಹೆಸರು ಬೇಡ. ಹೆಸರು ಹೇಳಿದರೆ ಆ ಊರಿನವರು ಮಾನ ಹೋಯಿತೆಂದು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ದಂಡೆಯ ಎಲ್ಲ ಊರಿನವರೂ ಇದು ಪಕ್ಕದ ಊರಿನ ಸುದ್ದಿ ಎಂದುಕೊಂಡು ಹಾಯಾಗಿ ಮಲಗುತ್ತಾರೆ. ಎರಡರಲ್ಲಿ ಎರಡನೆಯದೇ ವಾಸಿ.

ಆ ಊರಿನ ಕೆಳಗೆ ಹೊಳೆ ತಿರುಗುವಲ್ಲಿ ಒಂದು ಮಡು ಇದೆ. ಗಂಗವ್ವನ ಮಡು ಎನ್ನುತ್ತಾರೆ. ಎಂಥ ಬೇಸಿಗೆಯಲ್ಲೂ ಬತ್ತದ ಆಳದ ನೀರು ಅದು. ಹಾಲವ್ವ ಸೊಸೆಯಾಗಿ ಬಂದಾಗ ಅದರಲ್ಲಿ ತೊಡೆಗಾತ್ರದ ಬಾಳೆಮೀನು ಇದ್ದವು. ಆಮೇಲೆ ಉಸುಕಿನ ಕಾಲ ಬಂತು. ಟ್ರ್ಯಾಕ್ಟರು ಇಳಿದವು, ಯಂತ್ರಗಳು ಇಳಿದವು, ಹೊಳೆಯ ಹೊಟ್ಟೆ ಬಗೆದು ಉಸುಕು ಹೊತ್ತುಕೊಂಡು ಹೋದವು. ದಂಡೆ ಕುಸಿಯಿತು, ಮರ ಬಿದ್ದವು, ಮಡುವಿನಲ್ಲಿ ಕೆಸರು ಮಾತ್ರ ಉಳಿಯಿತು. ಮೀನು ಹೋದವು. ಮೀನಿನ ಹಿಂದೆ ಅಂಬಿಗರ ಎಷ್ಟೋ ಗಂಡಸರೂ ಗೋವಾಕ್ಕೆ, ಹುಬ್ಬಳ್ಳಿಗೆ ಗಾರೆ ಕೆಲಸಕ್ಕೆ ಹೋದರು. ಆಗ ಯಾರೂ ಅಯ್ಯೋ ಅನ್ನಲಿಲ್ಲ. ಊರಿನ ಹೊಸ ಮನೆಗಳೆಲ್ಲ ಅದೇ ಉಸುಕಿನಲ್ಲಿ ಎದ್ದಿದ್ದವಲ್ಲ, ಅನ್ನುವವರು ಯಾವ ಬಾಯಿಂದ ಅಂದಾರು?

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಬಂದರು. ಮಡುವನ್ನು ಮತ್ತೆ ಮೀನಿನ ಮನೆ ಮಾಡುತ್ತೇವೆ ಎಂದರು. ಟ್ರ್ಯಾಕ್ಟರಿನ ದಾರಿಗೆ ಅಡ್ಡ ತಗ್ಗು ತೋಡಿಸಿದರು. ದೊಡ್ಡ ಕಲ್ಲು, ಮರದ ಬೊಡ್ಡೆ ತಂದು ನೀರಿಗೆ ಇಳಿಸಿದರು, ಮರಿಗಳಿಗೆ ಅಡಗಲು ಜಾಗ ಬೇಕಂತೆ. ದಂಡೆಗೆ ಹೊಂಗೆ, ನೇರಳೆ, ಲಕ್ಕಿ ನೆಟ್ಟರು. ಊರು ನಕ್ಕಿತು. "ಕಟಿಗಿ ಮುಳುಗಿಸಿ ಮೀನ ಬೆಳಿತಾರಂತ, ನಾಳೆ ಕಲ್ಲ ಬಿತ್ತಿ ಜ್ವಾಳ ಬೆಳೀತಾರು" ಎಂದು ಕಟ್ಟೆಯ ಮೇಲೆ ಕುಳಿತವರು ಆಡಿಕೊಂಡರು. ಮಳೆಗಾಲಗಳು ಕಳೆದವು. ಮೊದಲು ಗೆಂಡೆ ಬಂದವು, ಆಮೇಲೆ ಹಾವುಮೀನು, ಕೊನೆಗೆ ಬಾಳೆ. ಒಂದು ಮುಂಜಾನೆ ಬೊಡ್ಡೆಯ ಮೇಲೆ ನೀರುನಾಯಿ ಕುಳಿತು ಮೀನು ತಿನ್ನುತ್ತಿದ್ದುದನ್ನು ಹಾಲವ್ವನೇ ಕಂಡಳು. ಅವತ್ತು ಆಕೆ ಮನೆಗೆ ಬಂದು ಒಲೆಯ ಮುಂದೆ ಕುಳಿತು ಸುಮ್ಮನೆ ಅತ್ತಳು.

ಚಳಿಗಾಲದ ಮಾತು ಬೇರೆ. ದೀಪಾವಳಿ ಕಳೆಯುತ್ತಿದ್ದಂತೆ ಹೊಳೆ ಸೊರಗುತ್ತದೆ. ಹರಿವು ಸಣ್ಣಗಾಗಿ, ಮೇಲಿನ ಮೀನು ಕೆಳಗಿನ ಮೀನು ಎಲ್ಲ ಮಡುವಿಗೆ ಬಂದು ಸೇರುತ್ತವೆ, ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ. ಬಲೆ ಹಾಕುವವನಿಗೆ ಅದಕ್ಕಿಂತ ಸುಗ್ಗಿ ಇಲ್ಲ. ಅಂಥ ಹೊತ್ತಿನಲ್ಲಿ ಹಾಲವ್ವ ಅಂಬಿಗರ ಮನೆಮನೆಗೆ ಹೋಗಿ, ಶಿವರಾತ್ರಿಯ ತನಕ ಮಡುವಿಗೆ ಬಲೆ ಇಳಿಸಬೇಡಿ, ತತ್ತಿ ಇಡುವ ಮೀನು ಉಳಿದರೆ ಮುಂದೆ ಹೊಳೆಯೆಲ್ಲ ನಿಮ್ಮದೇ ಎಂದು ಕೈಮುಗಿದು, ಬೈದು, ಆಣೆ ಹಾಕಿ ಒಪ್ಪಿಸಿದ್ದಳು. ಆಕೆಯ ಗಂಡ ಗುಡ್ಡಪ್ಪ ನಕ್ಕಿದ್ದ. "ಮೀನ ಹಿಡಿಯೋ ಮಂದಿ ಮೀನ ಕಾಯಾಕ ಹೊಂಟೇವಿ. ಬೆಕ್ಕು ಹಾಲಿನ ಗಡಿಗಿಗೆ ಕಾವಲ ಕುಂತಂಗಾತು."

"ಹಾಲಿನ ಬೆಲಿ ಬೆಕ್ಕಿಗೇ ಗೊತ್ತಿರ್ತೈತಿ. ಕಾಯಲಿ ಬಿಡು" ಎಂದಿದ್ದಳು ಹಾಲವ್ವ.

ಹಾಗೆ ಬಲೆಗಳು ಅಟ್ಟಕ್ಕೇರಿದವು. ಆಕೆಯ ಒಂದು ಮಾತಿನ ಮೇಲೆ ಏರಿದವು. ಮಡುವಿನಲ್ಲಿ ಮೀನು ಬದುಕಿದರೆ ಆಕೆಯ ಮಾತೂ ಬದುಕುತ್ತದೆ, ಮೀನು ಸತ್ತರೆ ಕೇರಿಯಲ್ಲಿ ಆಕೆ ತಲೆಯೆತ್ತುವ ಹಾಗಿಲ್ಲ. ಚಳಿಗಾಲದಲ್ಲಿ ದಿನಾ ಹೊತ್ತು ಮೂಡುವ ಮೊದಲು ಮಡುವಿನ ನೀರು ಪರೀಕ್ಷೆ ಮಾಡುವ ಕೆಲಸವನ್ನು ಸಂಸ್ಥೆಯವರು ಅದೇ ಹಾಲವ್ವನಿಗೆ ವಹಿಸಿದರು.

ಕೆಲಸ ಕಲಿಸಿದವಳು ಸವಣೂರಿನ ಅಫ್ಸಾನಾ. ವಿಜ್ಞಾನ ಓದಿದ ಹುಡುಗಿ, ಸ್ಕೂಟಿಯ ಮೇಲೆ ಒಂದು ದಿನ ರಟ್ಟೀಹಳ್ಳಿಯ ಕಡೆ ಕುಮುದ್ವತಿ, ಇನ್ನೊಂದು ದಿನ ಶಿಗ್ಗಾವಿಯ ಕೆರೆ, ಮತ್ತೊಂದು ದಿನ ಇಲ್ಲಿ ವರದಾ ಎಂದು ತಿರುಗುವವಳು. ಹಾಲವ್ವನಿಗೆ ಮೌಶಿ, ಅಂದರೆ ಚಿಕ್ಕವ್ವ, ಎನ್ನುತ್ತಾಳೆ. ಸಣ್ಣ ಗಾಜಿನ ಶೀಶೆಯನ್ನು ನೀರೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಅದಕ್ಕೆ ಎರಡು ಬಾಟಲಿಗಳಿಂದ ಹನಿ ಬಿಟ್ಟು, ಮುಚ್ಚಿ, ಅಲುಗಿಸಿ ಇಡಬೇಕು. ಹುರಿದ ಕಡಲೆಯ ಸಿಪ್ಪೆಯ ಹಾಗೆ ಕಂದು ಮಡ್ಡಿ, ಅಂದರೆ ಗಷ್ಟು, ಕೆಳಗಿಳಿದರೆ ನೀರಿನಲ್ಲಿ ಮೀನು ಉಸಿರಾಡುವಷ್ಟು ಹವೆ ಇದೆ. ಬಿಳಿ ಗಷ್ಟು ಇಳಿದರೆ ಇಲ್ಲ.

"ಇನ್ನೊಂದು ಮಾತು ಮೌಶಿ" ಎಂದಿದ್ದಳು ಅಫ್ಸಾನಾ. "ಥಂಡಿ ನೀರು ಹವಾ ಜಾಸ್ತಿ ಹಿಡಿತೈತಿ. ಬ್ಯಾಸಗ್ಯಾಗ ಮೀನ ಮ್ಯಾಲ ಬಂದು ಬಾಯಿ ಬಿಟ್ರ ಬಿಸಲಿನ ತಾಪ ಅನ್ನಬಹುದು. ಇಂಥಾ ಚಳ್ಯಾಗ ಬಾಯಿ ಬಿಟ್ರ ಮಾತ್ರ ಯಾರೋ ನೀರಾಗ ಏನೋ ಬಿಟ್ಟಾರ ಅಂತ ತಿಳಿರಿ."

ಹಾಲವ್ವ ಅದನ್ನು ಮರೆಯಲಿಲ್ಲ. ಆಮೇಲಿನ ಚಳಿಗಾಲಗಳಲ್ಲಿ ದಿನಾ ಕಂದು ಬಣ್ಣವೇ ಬಂತು. ಬೆಳಗಾಗೆದ್ದು ಕಂದು ಕಂಡರೆ ಆಕೆಗೆ ಚಹಾ ಕುಡಿದಷ್ಟು ಸಮಾಧಾನ.

ಈ ಸಲ ಸಂಕ್ರಮಣಕ್ಕೆ ಇನ್ನೂ ಮೂರು ದಿನ ಇತ್ತು. ಮಂಜು ಹೊಳೆಯ ಮೇಲೆ ದಟ್ಟವಾಗಿ ಕುಳಿತಿತ್ತು. ಹಾಲವ್ವ ಶೀಶೆ ಹಿಡಿದು ದಂಡೆಗೆ ಬರುವಷ್ಟರಲ್ಲಿ ಆಕೆಯ ಓರಗಿತ್ತಿ ಉಡಚವ್ವ ಅಲ್ಲಿ ಕೊಡ ಕೆಳಗಿಟ್ಟು, ಎರಡೂ ಕೈ ಎತ್ತಿ ಕೂಗುತ್ತಿದ್ದಳು.

"ಯವ್ವಾ ಬರ್ರೇ, ನೋಡ ಬರ್ರೇ! ಗಂಗವ್ವ ಮೈನೆರದಾಳ! ಪುಷ್ಯ ಮಾಸದಾಗ ಮೈನೆರದಾಳ!"

ಮಡುವಿನ ನೀರು ಕೆಂಪಾಗಿತ್ತು. ದಟ್ಟ ಕೆಂಪಲ್ಲ, ಕುಂಕುಮ ತೊಳೆದ ಕೈಯ ನೀರಿನ ಹಾಗೆ. ಮಳೆಗಾಲದಲ್ಲಿ ಮೊದಲ ಕೆಂಪು ನೀರು ಬಂದಾಗ ಹೊಳೆ ಮೈನೆರೆದಳು ಎಂದು ಉಡಿ ತುಂಬುವ ಪದ್ಧತಿ ಆ ಸೀಮೆಯಲ್ಲಿದೆ. ಹಸಿರು ಬಳೆ, ಕುಬಸದ ಖಣ, ಕೊಬ್ಬರಿ ಬಟ್ಟಲು, ಎಲೆಯಡಿಕೆ ಇಟ್ಟು ನೀರಿಗೆ ಬಿಡುತ್ತಾರೆ. ಉಡಿ ತುಂಬಿದ ಮೇಲೆ ಮೊದಲ ತೀರ್ಥವನ್ನು ಅಂಬಿಗರ ಮನೆಯ ಹೆಣ್ಣೇ ಕೈಯಾರೆ ಎತ್ತಿ ಎಲ್ಲರಿಗೂ ಕೊಡಬೇಕು. ಅತ್ತೆ ಕಾಲವಾದ ಮೇಲೆ ಆ ಕೈ ಹಾಲವ್ವನದು. ಆದರೆ ಕೆಂಪು ನೀರು ಬರುವುದು ಮಳೆಗೆ. ಮಳೆಯಿಲ್ಲ, ಮೋಡವಿಲ್ಲ, ಚಳಿಯಲ್ಲಿ ಹಲ್ಲು ಕಟಗುಡುವಾಗ ಕೆಂಪು ಬಂದಿದೆ. ಹಾಲವ್ವ ಕೂಡ ಒಂದು ಗಳಿಗೆ ಕೈ ಮುಗಿದಳು. ಆಮೇಲೆ ಮೀನು ಕಂಡವು.

ನೀರಿನ ತುಂಬ ಬಾಯಿಗಳು. ಗೆಂಡೆ, ಬಾಳೆ, ಬೆರಳುದ್ದದ ಮರಿಗಳು, ಎಲ್ಲವೂ ಮೇಲೆ ಬಂದು ಬಾಯಿ ತೆರೆದು, ಮುಚ್ಚಿ, ತೆರೆದು ಮಾಡುತ್ತಿದ್ದವು. ತಳ ಬಿಟ್ಟು ಮೇಲೆ ಬರದ ಬಾಳೆ ಕೂಡ ದಂಡೆಗೆ ಮೂತಿ ಚಾಚಿತ್ತು. ಅಷ್ಟರಲ್ಲಿ ಊರಿನ ಹೆಂಗಸರು ಬಂದು ಸೇರಿದರು.

"ನೋಡ ಯವ್ವಾ, ಮೀನ ಸುದ್ದಾ ದರ್ಶನಕ್ಕ ಬಂದಾವು" ಎಂದಳೊಬ್ಬಳು.

"ಪ್ರಸಾದ ಕೇಳಾಕತ್ತಾವು!" ಎಂದಳು ಇನ್ನೊಬ್ಬಳು. ಮನೆಗೆ ಓಡಿ ಹೋಗಿ ಚುರುಮುರಿ ತಂದು ಸುರಿದಳು. ಅವಳನ್ನು ನೋಡಿ ಮತ್ತೊಬ್ಬಳು ಸುರಿದಳು. ಉಸಿರು ಸಿಗದೆ ಬಾಯಿ ಬಿಡುವ ಜೀವಕ್ಕೆ ಚುರುಮುರಿ! ಅದು ನೆನೆದು, ಕೊಳೆತು, ಉಳಿದಿದ್ದ ಹವೆಯನ್ನೂ ತಿನ್ನುತ್ತದೆ ಎಂದು ಹಾಲವ್ವ ಕೂಗಿಕೊಂಡಳು. ಯಾರು ಕೇಳುತ್ತಾರೆ? ಆಕೆ ಶೀಶೆ ಮುಳುಗಿಸಿ ತುಂಬಿ ಹನಿ ಬಿಟ್ಟಳು. ಗಷ್ಟು ನಿಧಾನವಾಗಿ ಇಳಿಯಿತು. ಬಿಳಿ.

ಉಡಚವ್ವ ಇಣುಕಿ ನೋಡಿ ಚಪ್ಪಾಳೆ ತಟ್ಟಿದಳು. "ಹಾಲಾತು! ಕೆಂಪು ನೀರು ಶೀಶೆದಾಗ ಹಾಲಾತು ನೋಡ್ರೇ! ಸಾಕ್ಷಾತ್ ತಾಯಿ!"

ಶೀಶೆಯನ್ನು ಆಕೆಯ ತಲೆಯ ಮೇಲೆ ಒಡೆಯಬೇಕು ಎನ್ನಿಸಿತು ಹಾಲವ್ವನಿಗೆ. ಒಡೆಯಲಿಲ್ಲ, ಸಂಸ್ಥೆಯ ಶೀಶೆ.

ಮಡುವಿನ ಮೇಲ್ಭಾಗದಲ್ಲಿ ಒಂದು ಹಳ್ಳ ಬಂದು ಕೂಡುತ್ತದೆ. ಹಾಲವ್ವ ಸೀರೆ ಎತ್ತಿ ಕಟ್ಟಿ ಆ ಹಳ್ಳದ ಗುಂಟ ಕಬ್ಬಿನ ಗದ್ದೆಗಳ ನಡುವೆ ಹೊರಟಳು. ಮೇಲೆ ಹೋದಂತೆ ಕೆಂಪು ದಟ್ಟವಾಯಿತು, ವಾಸನೆಯೂ ಬಂತು. ಆ ವಾಸನೆ ಆಕೆಗೆ ಗೊತ್ತಿತ್ತು, ಅಡಿಕೆ ಬೇಯಿಸಿದ ಚೊಗರಿನ ವಾಸನೆ. ಕಬ್ಬು ಮುಗಿದಲ್ಲಿ ಶಂಕ್ರಪ್ಪನ ಶೆಡ್ಡು. ಹಾನಗಲ್ಲಿನ ಸುತ್ತಮುತ್ತಲ ಹಸಿ ಅಡಿಕೆ ಕೊಂಡು, ಸುಲಿಸಿ, ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಒಣಗಿಸಿ ಮಾರುವ ಸಾವುಕಾರ. ಬೇಯಿಸಿ ಉಳಿದ ನೀರಿಗೆಂದು ಅವನು ಮೊದಲೇ ಒಂದು ಗುಂಡಿ ತೋಡಿಸಿದ್ದ, ಮಡು ಉಳಿಸುವ ಕೆಲಸ ಶುರುವಾದಾಗ ಎಲ್ಲರೆದುರು ಮಾತು ಕೊಟ್ಟು ತೋಡಿಸಿದ್ದು. ಅವತ್ತು ದಂಡೆಯಲ್ಲಿ ಮೊದಲ ನೇರಳೆ ಸಸಿ ನೆಟ್ಟವನೂ ಅವನೇ, ಕೊರಳಲ್ಲಿ ಹಾರ ಹಾಕಿಸಿಕೊಂಡು, ಫೋಟೋಕ್ಕೆ ಹಲ್ಲು ಬಿಟ್ಟು. ಈಗ ಹಂಡೆಗಳು ಹೆಚ್ಚಾಗಿದ್ದವು, ಗುಂಡಿ ತುಂಬಿ ತುಳುಕುತ್ತಿತ್ತು, ಗುಂಡಿಯ ತಳದಿಂದ ಒಂದು ಪೈಪು ನೆಲದಡಿ ಹಾದು ಹಳ್ಳಕ್ಕೆ ಬಾಯಿ ತೆರೆದಿತ್ತು.

ಶಂಕ್ರಪ್ಪ ಸಿಟ್ಟಾಗಲಿಲ್ಲ. ಅಂಥವರು ಸಿಟ್ಟಾಗುವುದಿಲ್ಲ. "ಬಾ ಹಾಲವ್ವಾ, ಕುಂದರು. ಚಾ ಕುಡಿ" ಎಂದ.

"ಚಾ ಬ್ಯಾಡ್ರಿ ಸಾವುಕಾರ್ರ. ಆ ಪೈಪು ಮುಚ್ಚರಿ. ಮಡುವಿನ್ಯಾಗ ಮೀನ ಸಾಯಾಕತ್ತಾವು."

"ಅಡಿಕಿ ನೀರಿಗೆ ಯಾರರೆ ಸಾಯ್ತಾರೇನ? ದೇವ್ರ ಮುಂದ ಅಡಿಕಿ ಇಡಂಗಿಲ್ಲೇನು ನಾವು?"

"ಇಡ್ತೇವ್ರಿ. ಎಲಿ ಮ್ಯಾಲ ಎರಡು ಇಡ್ತೇವಿ. ಹಂಡೇ ಸುರುವಂಗಿಲ್ಲ."

ಅವನು ನಕ್ಕ. ನಾಳೆ ಮುಚ್ಚಿಸುತ್ತೇನೆ ಎಂದ. ಆ ನಾಳೆ ಬರಲಿಲ್ಲ. ಬಂದದ್ದು ಬೇರೆ ಸುದ್ದಿ. ಗಂಗವ್ವನ ಪವಾಡ ಕೇಳಿ ಸಾವುಕಾರರಿಗೆ ಭಕ್ತಿ ಉಕ್ಕಿದೆ, ಸಂಕ್ರಮಣದ ದಿನ ಮಡುವಿಗೆ ಅವರ ಕಡೆಯಿಂದಲೇ ರೇಶ್ಮೆ ಸೀರೆ, ಉಡಿ, ಊರಿಗೆಲ್ಲ ಊಟ ಎಂದು ಸಂಜೆಗೆ ಡಂಗುರವಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಹಾಲವ್ವ ನೋಡಿದ್ದಳು. ಕುಡಿದ ಮೇಲೆ ಹಾಲಿನ ಗಡಿಗೆಗೆ ಪೂಜೆ ಮಾಡುವ ಬೆಕ್ಕನ್ನು ನೋಡಿರಲಿಲ್ಲ.

ಆಕೆ ಬಸ್ಸು ಹತ್ತಿ ಪೇಟೆಗೆ ಹೋದಳು. ಯಾವ ಕಚೇರಿ ಎಂದು ಹೇಳಿ ಪ್ರಯೋಜನವಿಲ್ಲ, ಎಲ್ಲ ಕಚೇರಿಯಲ್ಲೂ ಒಂದೇ ಕುರ್ಚಿ. ಅಲ್ಲಿದ್ದವರು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿ, "ಮಂದಿ ದೇವರು ಅಂತಾರ, ನೀವು ಅಡಿಕಿ ನೀರು ಅಂತೀರಿ. ಹಬ್ಬ ಒಂದು ಮುಗೀಲಿ ಬಿಡ್ರಿ, ನೋಡೂಣು" ಎಂದರು. ಹಬ್ಬ ಮುಗಿಯುವ ತನಕ ಮೀನು ಉಸಿರು ಬಿಗಿಹಿಡಿದಿರಬೇಕೇನು ಎಂದು ಕೇಳಿದಳು. ಅವರು ಶೀಶೆಯನ್ನು ಆಕೆಯ ಕೈಗೆ ತಿರುಗಿ ಕೊಟ್ಟು ಮುಂದಿನವರನ್ನು ಕರೆದರು.

ಅಫ್ಸಾನಾ ಸುದ್ದಿ ತಿಳಿದ ದಿನವೇ ಬಂದಳು. ನೀರಿನ ಹವೆ ಅಳೆಯುವ ತನ್ನ ಯಂತ್ರವನ್ನು ಮಡುವಿಗೆ ಇಳಿಸಿ, ತುಟಿ ಕಚ್ಚಿಕೊಂಡು, ಮೇಲಿನವರಿಗೆ ವರದಿ ಕಳಿಸಿದಳು. ದಂಡೆಯಲ್ಲಿದ್ದವರಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಗುಂಪಿನಲ್ಲಿ ಒಬ್ಬ, "ಸಾಬರ ಹುಡುಗಿಗೆ ನಮ್ಮ ಗಂಗವ್ವನ ಸುದ್ದಿ ಏನ್ ಗೊತ್ತು?" ಎಂದ. ಹಾಲವ್ವ ತಿರುಗಿ ನಿಂತಳು.

"ಏ, ಬಾಯಿ ಮುಚ್ಚು. ನೀ ಗಂಗವ್ವನ ಮಗ ಅಲಾ? ಉಸುಕಿನ ಟ್ರ್ಯಾಕ್ಟರ್ ಹೊಡೀವಾಗ ಯಾವ ಅವ್ವನ ಮ್ಯಾಲ ಹೊಡೀತಿದ್ದಿ?"

ಅವನು ತಲೆ ತಗ್ಗಿಸಿದ. ಆದರೆ ಜಾತ್ರೆಯ ಹುರುಪು ಹತ್ತಿದ ಊರಿಗೆ ಒಬ್ಬನ ತಲೆ ತಗ್ಗಿದರೆ ಏನು? ಅಫ್ಸಾನಾ ಹೋಗುವಾಗ ಹಾಲವ್ವನ ಕೈ ಹಿಡಿದು, "ಮೌಶಿ, ಪೈಪು ಬಂದಾದ್ರ ಇನ್ನೂ ಉಳೀತಾವು. ಆದ್ರ ಬೇಗ ಆಗಬೇಕು" ಎಂದಳು.

ಕೇರಿಯಲ್ಲಿ ಮಾತು ಬೇರೆಯೇ ದಾರಿ ಹಿಡಿದಿತ್ತು. ಗುಡ್ಡಪ್ಪ ಅಟ್ಟದ ಕಡೆ ನೋಡುತ್ತ ಹೇಳಿದ, "ಹಾಲವ್ವಾ, ಸುಳ್ಳ ಯಾಕ ಹೇಳ್ಲಿ. ಮಂದಿ ಬಲಿ ಇಳಸ್ತೇವಿ ಅನ್ನಾಕತ್ತಾರ. ಸತ್ತು ನಾರೋಕಿಂತ ಮೊದ್ಲ ಹಿಡದ್ರ ಬಾಯಿಗಾದ್ರೂ ಆಗ್ತಾವು. ನಿನ್ನ ಮಾತ ಕೇಳಿ ನಾವ ಕಾದಿದ್ದು ಇದಕ್ಕೇನು?"

"ಸಂಕ್ರಮಣ ಕಳೀಲಿ" ಎಂದಳು ಹಾಲವ್ವ. ಕಚೇರಿಯವರ ಮಾತನ್ನೇ ತಾನೂ ಆಡಿದೆನಲ್ಲ ಎಂದು ಆಕೆಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂತು.

ಸಂಕ್ರಮಣದ ಬೆಳಗು. ಎಳ್ಳು ಅರಿಶಿಣ ಅರೆದು ಮೈಗೆ ಹಚ್ಚಿಕೊಂಡವರು ಮೇಲಿನ ಸ್ನಾನಘಟ್ಟದ ಪಾವಟಿಗೆಯಲ್ಲಿ, ಹಳ್ಳ ಕೂಡುವುದಕ್ಕೆ ಮೊದಲಿನ ತಿಳಿ ನೀರಿನಲ್ಲಿ ಮಿಂದು ಬಂದರು. ಶಂಕ್ರಪ್ಪನೂ ಅಲ್ಲಿಯೇ ಮಿಂದ. ಕೆಂಪು ನೀರಿನಲ್ಲಿ ಯಾಕೆ ಮೀಯಲಿಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ದಂಡೆಯ ಮೇಲೆ ಬುಟ್ಟಿಗಟ್ಟಲೆ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಹೊಸ ಧೋತರದಲ್ಲಿ ಸಾವುಕಾರ, ಪಕ್ಕದಲ್ಲಿ ಅವನ ಹೆಂಡತಿ ಶಾರವ್ವ ಉಡಿಯ ಮೊರ ಹಿಡಿದು ನಿಂತಿದ್ದಳು. ಮಡುವಿನಲ್ಲಿ ಸಣ್ಣ ಗೆಂಡೆಗಳು ಆಗಲೇ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. "ಮುಕ್ತಿ ಸಿಕ್ಕತು ಅವಕ್ಕ" ಎಂದಳು ಉಡಚವ್ವ.

ಶಾರವ್ವನ ಮೇಲೆ ಮಾತ್ರ ಆಕೆಗೆ ಸಿಟ್ಟಿರಲಿಲ್ಲ. ಮಹಾಪೂರ ಬಂದ ವರ್ಷ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದ ಶಾರವ್ವನನ್ನು ಹರಿಗೋಲಿನಲ್ಲಿ ಕೂರಿಸಿ, ಸೆಳವಿಗೆ ಎದುರು ಹುಟ್ಟು ಹಾಕಿ ಆಚೆ ದಡ ಮುಟ್ಟಿಸಿದ್ದು ಹಾಲವ್ವನೇ. ಅಂದಿನಿಂದ ಶಾರವ್ವ ಹಬ್ಬಹುಣ್ಣಿಮೆಗೆ ಆಕೆಯ ಮನೆಗೆ ಬುತ್ತಿ ಕಳಿಸುವುದನ್ನು ತಪ್ಪಿಸಿಲ್ಲ. ಗಂಡನ ಶೆಡ್ಡಿನಲ್ಲಿ ಏನು ನಡೆಯುತ್ತದೆ ಎಂದು ಕೇಳುವ ರೂಢಿ ಮಾತ್ರ ಆ ಮನೆಯ ಹೆಂಗಸರಿಗೆ ಇರಲಿಲ್ಲ.

ಉಡಿ ತುಂಬಿತು. ಸೀರೆ, ಬಳೆ, ಖಣ ಎಲ್ಲ ಕೆಂಪು ನೀರಿನ ಮೇಲೆ ಮೀನಿನ ಹೆಣಗಳ ನಡುವೆ ತೇಲಿದವು. ಎಲ್ಲರೂ ಹಾಲವ್ವನ ಕಡೆ ತಿರುಗಿದರು. ಮೊದಲ ತೀರ್ಥ.

ಹಾಲವ್ವ ನೀರಿನ ಅಂಚಿನಲ್ಲಿ ನಿಂತು ಕೈ ಕಟ್ಟಿಕೊಂಡಳು. "ನಾ ಕೊಡಂಗಿಲ್ಲ."

"ಏನಂದಿ?" ಎಂದಳು ಉಡಚವ್ವ.

"ಕೊಡಂಗಿಲ್ಲ ಅಂದೆ. ಇದು ತೀರ್ಥ ಅಲ್ಲ. ನಮ್ಮ ಅತ್ತಿ ಕೈ ಇದು, ಆಕಿ ಕೈಲೆ ಹೊಲಸು ಕುಡಸಾಕ ನನ್ನಿಂದ ಆಗಂಗಿಲ್ಲ."

ಗದ್ದಲವೋ ಗದ್ದಲ. ಗಂಗವ್ವನಿಗೆ ಹೊಲಸು ಅಂದಳು, ಊರಿಗೆ ಕೇಡು ತರುತ್ತಾಳೆ, ಅಂಬಿಗರನ್ನು ಪೂಜೆಗೆ ಸೇರಿಸುವುದೇ ಬೇಡ ಎಂದು ಬಾಯಿಗೆ ಬಂದಂತೆ ಅಂದರು. ಆಗ ಶಂಕ್ರಪ್ಪ ಎರಡೂ ಕೈ ಎತ್ತಿ ದೊಡ್ಡ ಮನಸ್ಸು ತೋರಿಸಿದ. "ಹೋಗ್ಲಿ ಬಿಡ್ರಿ. ಹಬ್ಬದ ದಿನ ಜಗಳ ಬ್ಯಾಡ. ತೀರ್ಥ ಇಲ್ಲದಿದ್ರ ಏನಾತು, ಊಟಕ್ಕ ಏಳ್ರಿ ಎಲ್ಲಾರು." ಎಂಥ ಮನುಷ್ಯ ಎಂದು ಹೊಗಳಿದರು ಮಂದಿ. ಹಾಲವ್ವ ಮಾತ್ರ ಅವನ ಮುಖವನ್ನೇ ನೋಡಿದಳು. ಇಷ್ಟು ಖರ್ಚು ಮಾಡಿ ಪೂಜೆ ಇಟ್ಟವನಿಗೆ ತೀರ್ಥವೊಂದು ಬೇಡವಾಯಿತಲ್ಲ.

ಶಾರವ್ವ ಮೊರ ಕೆಳಗಿಟ್ಟು ಮುಂದೆ ಬಂದಳು. ಆಕೆಯ ಕಣ್ಣು ತುಂಬಿದ್ದವು. "ಹಾಲವ್ವಾ, ನಿನ್ನ ಕೈ ಹಿಡದು ಈ ಹೊಳಿ ದಾಟಿದಾಕಿ ನಾನು. ನನ್ನ ಮಗ ಬದಕಿದ್ದು ಈ ನೀರಿನ ಪುಣ್ಯೇಕ. ನಿನಗ ಯಾರ ಮ್ಯಾಲ ಸಿಟ್ಟ ಐತೋ ನನಗ ಗೊತ್ತಿಲ್ಲ. ನೀ ಕೊಡದಿದ್ರ ನಾನ ತಗೋತೇನಿ."

"ಬ್ಯಾಡ್ರಿ ಅಕ್ಕಾರ" ಎಂದು ಹಾಲವ್ವ ಕೈ ಚಾಚುವಷ್ಟರಲ್ಲಿ ಶಾರವ್ವ ಬಗ್ಗಿ, ತೇಲುತ್ತಿದ್ದ ಚುರುಮುರಿಯನ್ನು ಬದಿಗೆ ಸರಿಸಿ, ಬೊಗಸೆ ತುಂಬ ನೀರು ಎತ್ತಿದಳು. ಕಣ್ಣು ಮುಚ್ಚಿ ಬಾಯಿಗೆ ತಂದಳು.

"ಏ! ಬ್ಯಾಡ! ಕುಡೀಬ್ಯಾಡ ಅದನ್ನ!"

ಶಂಕ್ರಪ್ಪ ಹೊಸ ಧೋತರದಲ್ಲಿಯೇ ಕೆಸರಿಗೆ ಹಾರಿದ್ದ. ಹೆಂಡತಿಯ ಕೈಗೆ ಹೊಡೆದು ನೀರು ಚೆಲ್ಲಿಸಿದ. ಆಕೆಯ ತುಟಿಯನ್ನು ತನ್ನ ಶಲ್ಯದಿಂದ ತಿಕ್ಕಿ ತಿಕ್ಕಿ ಒರೆಸಿದ. "ಬಾಯಾಗ ಹೋತೇನು? ಉಗಳು, ಉಗಳು! ಬಣ್ಣದ ಪುಡಿ ಐತಿ ಅದ್ರಾಗ!"

ತಾನು ಏನು ಆಡಿದೆ ಎಂದು ಶಂಕ್ರಪ್ಪನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಅಡಿಕೆ ಕೆಂಪಗೆ ಹೊಳೆಯಲಿ ಎಂದು ಚೊಗರಿಗೆ ಬಣ್ಣದ ಪುಡಿ ಬೆರೆಸುವುದು ಅವನ ಶೆಡ್ಡಿನ ಗುಟ್ಟಾಗಿತ್ತು. ಹಾಲವ್ವನಿಗೂ ಅದು ಗೊತ್ತಿರಲಿಲ್ಲ.

"ಯಾವ ಬಣ್ಣಾರಿ ಸಾವುಕಾರ್ರ?" ಎಂದಳು ಉಡಚವ್ವ. ಆಕೆಯ ದನಿ ಈಗ ಸಣ್ಣದಾಗಿತ್ತು. ಮೂರು ದಿನ ಆಕೆ ಆ ನೀರನ್ನು ಕಣ್ಣಿಗೊತ್ತಿಕೊಂಡಿದ್ದಳು.

ಶಂಕ್ರಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಹಾಲವ್ವ ಅವನ ಎದುರಿಗೆ ಬಂದು ನಿಂತಳು. ಕೂಗಲಿಲ್ಲ. ಕೂಗಿ ಕೂಗಿ ಆಕೆಯ ಗಂಟಲು ಬಿದ್ದಿತ್ತು.

"ಹೇಣ್ತಿ ಬಾಯಿಗೆ ಬರೋದ್ರಾಗ ಬ್ಯಾಡ ಅಂದ್ರಿ. ಛಲೋ ಮಾಡಿದ್ರಿ, ಆಕಿ ಬದಕಬೇಕು. ನನ್ನ ಮೀನಿನ ಬಾಯಿಗೆ ಸುರುವಾಗ ಯಾಕ ಅನ್ನಲಿಲ್ರಿ? ಈ ಮಂದಿ ಕೂಸುಗಳನ್ನ ತಂದು ಇದ್ರಾಗ ಕೈ ಮುಳಗಸ್ತಿದ್ರಲ್ಲ, ಅವಾಗ ಯಾಕ ಅನ್ನಲಿಲ್ರಿ?"

ಶಾರವ್ವ ಗಂಡನ ಕೈಯನ್ನು ತನ್ನ ತೋಳಿನಿಂದ ಬಿಡಿಸಿಕೊಂಡಳು. ಅವನ ಕಡೆ ನೋಡಲಿಲ್ಲ. ಹೋಗಿ ಹಾಲವ್ವನ ಬದಿಯಲ್ಲಿ ನಿಂತಳು.

ಆಮೇಲೆ ಊಟಕ್ಕೆ ಯಾರೂ ಕೂರಲಿಲ್ಲ. ಗಂಡಸರು ಗುದ್ದಲಿ ಹಿಡಿದು ಹಳ್ಳದ ಗುಂಟ ಮೇಲೆ ಹೋದರು. ಪೈಪಿನ ಬಾಯಿಗೆ ಕಲ್ಲು ಮಣ್ಣು ಜಡಿದು, ಹಳ್ಳ ಹೊಳೆಗೆ ಕೂಡುವಲ್ಲಿ ಒಡ್ಡು ಹಾಕಿದರು. ಮೂರು ದಿನದಿಂದ ಹಾಲವ್ವ ಬೇಡಿದ್ದು ಇಷ್ಟೇ ಕೆಲಸ. ಅದಕ್ಕೆ ಹಿಡಿದದ್ದು ಅರ್ಧ ದಿನ.

ಅಟ್ಟದ ಮೇಲಿನ ಬಲೆಗಳೂ ಅವತ್ತೇ ಕೆಳಗಿಳಿದವು. ಗುಡ್ಡಪ್ಪನೇ ಮೊದಲು ಇಳಿಸಿದ. ಅಂಬಿಗರು ಮಡುವಿನಲ್ಲಿ ಬಲೆ ಹಾಸಿ ಸತ್ತ ಮೀನು, ಕೊಳೆತ ಚುರುಮುರಿ, ನೆನೆದ ರೇಶ್ಮೆ ಸೀರೆ ಎಲ್ಲವನ್ನೂ ಎಳೆದು ದಂಡೆಗೆ ಹಾಕಿದರು. ಬದುಕಿದ್ದ ಮೀನು ಸಿಕ್ಕರೆ ಕೊಡದಲ್ಲಿ ಹಾಕಿಕೊಂಡು ಪಾವಟಿಗೆಯ ಮೇಲಿನ ನೀರಿಗೆ ಬಿಟ್ಟರು. ಒಂದನ್ನೂ ಯಾರೂ ಮನೆಗೆ ಒಯ್ಯಲಿಲ್ಲ. ಸತ್ತ ದೊಡ್ಡ ಬಾಳೆಯೊಂದು ಬಂತು, ತೊಡೆಗಾತ್ರದ್ದು, ಹೊಟ್ಟೆ ತುಂಬ ತತ್ತಿ ಕಟ್ಟುತ್ತಿದ್ದದ್ದು. ಗುಡ್ಡಪ್ಪ ಅದನ್ನು ಹೆಂಡತಿಯ ಮುಂದೆ ಇಟ್ಟು ಮತ್ತೆ ನೀರಿಗಿಳಿದ. ಹಾಲವ್ವ ಅದನ್ನು ನೇರಳೆ ಗಿಡದ ಬುಡದಲ್ಲಿ ಹುಗಿದಳು, ಶಂಕ್ರಪ್ಪ ಹಾರ ಹಾಕಿಸಿಕೊಂಡು ನೆಟ್ಟಿದ್ದ ಗಿಡದ ಬುಡದಲ್ಲಿಯೇ.

ಮುಂದಿನ ಬೆಳಗುಗಳಲ್ಲಿ ಶೀಶೆಗೆ ಬಿಳಿ ಬಂತು, ಮತ್ತೆ ಬಿಳಿಯೇ ಬಂತು. ಕಚೇರಿಯವರು ಬಂದು ಹೋದರು, ಅಫ್ಸಾನಾಳ ವರದಿಗೆ ಈಗ ಬೆಲೆ ಬಂದಿತ್ತು. ಶೆಡ್ಡಿಗೆ ಬೀಗ ಬಿತ್ತು, ಎಷ್ಟು ದಿನ ಇರುತ್ತದೋ ನೋಡಬೇಕು. ಒಂದು ಮುಂಜಾನೆ ಶೀಶೆಯ ತಳದಲ್ಲಿ ಬಿಳಿಯೊಳಗೆ ತುಸು ಕಂದು ಕಂಡಿತು. ದಿನದಿಂದ ದಿನಕ್ಕೆ ಅದು ದಟ್ಟವಾಯಿತು. ಅರ್ಧ ಮೀನು ಹೋಗಿದ್ದವು, ಅರ್ಧ ಉಳಿದಿದ್ದವು. ಬಲೆಗಳು ತೊಳೆದು, ಒಣಗಿ, ಮತ್ತೆ ಅಟ್ಟಕ್ಕೇರಿದವು. ಈ ಸಲ ಹಾಲವ್ವ ಯಾರನ್ನೂ ಬೇಡಿಕೊಳ್ಳಬೇಕಾಗಲಿಲ್ಲ.

ಶಿವರಾತ್ರಿಯ ಮುಂಜಾನೆ ಊರು ಸಂಕ್ರಮಣಕ್ಕೆ ತಪ್ಪಿದ ತೀರ್ಥಕ್ಕೆಂದು ಮತ್ತೆ ಮಡುವಿಗೆ ಬಂತು. ಹಾಲವ್ವ ಎಲ್ಲರೆದುರು ಮೊದಲು ಶೀಶೆ ತುಂಬಿ ಹನಿ ಬಿಟ್ಟಳು. ಮಂದಿ ಶೀಶೆಯ ಕಡೆಗೇ ಕಣ್ಣು ನೆಟ್ಟರು. ಕಂದು ಗಷ್ಟು ಇಳಿದ ಮೇಲೆಯೇ ಆಕೆ ತಂಬಿಗೆಯಲ್ಲಿ ನೀರೆತ್ತಿದಳು. ಮೊದಲು ಶಾರವ್ವನ ಅಂಗೈಗೆ ಬಿಟ್ಟಳು, ಆಮೇಲೆ ಉಡಚವ್ವನಿಗೆ, ಆಮೇಲೆ ರಜೆ ಹಾಕಿ ಬಂದು ಸ್ಕೂಟಿಗೆ ಒರಗಿ ನಿಂತಿದ್ದ ಅಫ್ಸಾನಾಳಿಗೂ. ಸಾಲಿನ ಕೊನೆಯಲ್ಲಿ ಶಂಕ್ರಪ್ಪ ಇದ್ದ. ತಲೆ ತಗ್ಗಿಸಿ ಬಲಗೈ ಚಾಚಿದ.

ತಂಬಿಗೆಯಲ್ಲಿ ಇನ್ನೂ ನೀರಿತ್ತು. ಹಾಲವ್ವ ಅವನ ಅಂಗೈಯನ್ನು ನೋಡಿದಳು, ತಿರುಗಿ ಹೊಳೆಗಿಳಿದು ತಂಬಿಗೆಯನ್ನು ಮಡುವಿಗೆ ಬೋರಲು ಹಾಕಿದಳು.

"ನಿಮ್ಮ ಪಾಲು ಮೀನಿಗೆ ಹೋತ್ರಿ, ಸಾವುಕಾರ್ರ" ಎಂದಳು.